ಕೊಡೆಯೋ ಚಾಪೆಯೋ

ಸಣ್ಣ ವಿಮಾನಗಳಲ್ಲಿ ಎರಡೇ ಜಾತಿ. ಒಂದರಲ್ಲಿ ರೆಕ್ಕೆ ತಲೆಯ ಮೇಲಿರುತ್ತದೆ, ಇನ್ನೊಂದರಲ್ಲಿ ಕೂತ ಜಾಗದ ಕೆಳಗಿರುತ್ತದೆ. ಮಿಕ್ಕದ್ದೆಲ್ಲ ಮಾರುವವರು ಕಟ್ಟುವ ಕಥೆ. ಇಪ್ಪತ್ತೆಂಟು ವರ್ಷ ಇವುಗಳ ಎಂಜಿನ್ನಿನೊಳಗೆ ಕೈ ಹಾಕಿದವಳು ನಾನು. ಯಾರಾದರೂ ನನ್ನೆದುರು ನಿಂತು ರೆಕ್ಕೆಗಳ ಬಗ್ಗೆ ಭಾಷಣ ಬಿಗಿದರೆ ಮೈ ಉರಿಯುತ್ತದೆ. ಮೇಲೆ ರೆಕ್ಕೆ ಇರುವುದಕ್ಕೆ ಅಕ್ಕ ಕೊಡೆ ಎಂದು ಹೆಸರಿಟ್ಟಿದ್ದಳು, ಕೆಳಗೆ ಇರುವುದಕ್ಕೆ ಚಾಪೆ. ಕೊಡೆಯಲ್ಲಿ ಕೂತರೆ ನೆಲ ಚೆನ್ನಾಗಿ ಕಾಣುತ್ತದೆ, ಚಾಪೆಯಲ್ಲಿ ಕೂತರೆ ಆಕಾಶ ಚೆನ್ನಾಗಿ ಕಾಣುತ್ತದೆ. ಎರಡರಲ್ಲೂ ಒಂದು ಕಡೆ ಕುರುಡು.

ಅಕ್ಕ ಪೈಲಟ್, ನಾನು ಮೆಕ್ಯಾನಿಕ್, ಅಕ್ಕನ ಗಂಡ ಅಂದರೆ ನಮ್ಮ ಭಾವ ಆಫೀಸು. ಇಷ್ಟೇ ನಮ್ಮ ಕಂಪನಿ. ಒಂದು ರನ್‌ವೇ, ಹಸಿರು ಬಾಗಿಲಿನ ಒಂದು ತಗಡಿನ ಶೆಡ್ಡು, ಅದಕ್ಕೆ ಅಂಟಿಕೊಂಡ ಒಂದು ಕೋಣೆ. ಆ ಕೋಣೆಯಲ್ಲಿ ಭಾವ ರೇಡಿಯೋ, ಫೋನು ಮತ್ತು ಮೂರು ರಿಜಿಸ್ಟರ್ ಇಟ್ಟುಕೊಂಡು ಕೂತಿರುತ್ತಿದ್ದರು. ವಿಮಾನದ ಕಂಪನಿಯಲ್ಲಿ ಜೀವನವಿಡೀ ಕೆಲಸ ಮಾಡಿದ ಮನುಷ್ಯನಿಗೆ ವಿಮಾನ ಹತ್ತಿದರೆ ಹೊಟ್ಟೆ ತೊಳಸುತ್ತದೆ ಎಂದರೆ ಯಾರೂ ನಂಬುವುದಿಲ್ಲ. ಮದುವೆಯಾದ ಹೊಸದರಲ್ಲಿ ಒಂದು ಸಲ ಅಕ್ಕನ ಪಕ್ಕ ಕೂತು ಹೋಗಿದ್ದರು. ಇಳಿದ ಮೇಲೆ ನೆಲವನ್ನು ಮುಟ್ಟಿ ನೋಡಿದರಂತೆ.

ನಮ್ಮ ಕೆಲಸ ರಕ್ತ ಸಾಗಿಸುವುದು. ಸುತ್ತಲಿನ ಸಣ್ಣ ಆಸ್ಪತ್ರೆಗಳಲ್ಲಿ ರೋಗಿಗಳಿಂದ ತೆಗೆದ ರಕ್ತದ ಮಾದರಿಗಳನ್ನು ಐಸು ತುಂಬಿದ ಡಬ್ಬಿಗಳಲ್ಲಿ ಇಟ್ಟು ಕಳಿಸುತ್ತಿದ್ದರು. ಅಕ್ಕ ಅವನ್ನು ದೊಡ್ಡ ಊರಿನ ಲ್ಯಾಬಿಗೆ ಮುಟ್ಟಿಸಿ ಬರುತ್ತಿದ್ದಳು. ಗುಡ್ಡ ಸುತ್ತಿಕೊಂಡು ಹೋಗುವ ರಸ್ತೆಯಲ್ಲಿ ಆರು ಗಂಟೆ, ಅಕ್ಕನ ವಿಮಾನದಲ್ಲಿ ಐವತ್ತು ನಿಮಿಷ. ಇಪ್ಪತ್ತೆರಡು ವರ್ಷ ಒಂದೇ ಕೊಡೆಯಲ್ಲಿ ಹೋಗಿ ಬಂದಳು. ಆ ಕೊಡೆಗೆ ವಯಸ್ಸಾಯಿತು. ರೆಕ್ಕೆ ಮೈಗೆ ಸೇರುವ ಜಾಗದಲ್ಲಿ ತುಕ್ಕು ಕಂಡಿತು. ಇನ್ನು ಹಾರಿಸಬಾರದು ಎಂದು ಕಾಗದಕ್ಕೆ ಸಹಿ ಹಾಕಿದವಳು ನಾನೇ. ಆವತ್ತು ಅಕ್ಕ ಊಟ ಮಾಡಲಿಲ್ಲ. ನನಗೂ ಊಟ ಸೇರಲಿಲ್ಲ, ಆದರೆ ನಾನು ತೋರಿಸಿಕೊಳ್ಳಲಿಲ್ಲ.

ಹೊಸದು ಕೊಳ್ಳಬೇಕಾಯಿತು. ಹೊಸದು ಎಂದರೆ ಇನ್ನೊಬ್ಬರು ಹಾರಿಸಿ ಬಿಟ್ಟದ್ದು. ಮೀಸೆ ಎಂದು ನಾವು ಕರೆಯುತ್ತಿದ್ದ ಒಬ್ಬ ವ್ಯಾಪಾರಿ ಎರಡು ವಿಮಾನ ತಂದು ನಮ್ಮ ಶೆಡ್ಡಿನ ಮುಂದೆ ನಿಲ್ಲಿಸಿದ. ಒಂದು ಕೊಡೆ, ಒಂದು ಚಾಪೆ. ಒಂದು ವಾರ ನೋಡಿ, ಹಾರಿಸಿ, ಬೇಕಾದ್ದು ಇಟ್ಟುಕೊಳ್ಳಿ ಅಂದ.

ನನಗೆ ಚಾಪೆ ಬೇಕಿತ್ತು. ಕಾರಣ ನನ್ನ ಬಲಭುಜ. ಕೊಡೆಯ ಪೆಟ್ರೋಲು ಟ್ಯಾಂಕು ರೆಕ್ಕೆಯೊಳಗೆ, ರೆಕ್ಕೆ ನೆತ್ತಿಯ ಮೇಲೆ. ತುಂಬಿಸಬೇಕಾದರೂ ಏಣಿ, ಮುಚ್ಚಳ ಬಿಗಿಯಾಗಿದೆಯೇ ನೋಡಬೇಕಾದರೂ ಏಣಿ. ಹಿಂದಿನ ವರ್ಷ ಆ ಏಣಿಯಿಂದ ಬಿದ್ದು ಭುಜ ಕಳಚಿಕೊಂಡಿದ್ದೆ. ಆಮೇಲೆ ಕೈ ತಲೆಯಿಂದ ಮೇಲೆ ಎತ್ತಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಚಾಪೆಯ ರೆಕ್ಕೆ ಸೊಂಟದ ಎತ್ತರಕ್ಕಿರುತ್ತದೆ, ನಿಂತಲ್ಲೇ ಎಲ್ಲ ಮಾಡಬಹುದು. ಇದನ್ನು ಬಾಯಿಬಿಟ್ಟು ಹೇಳಲು ನನ್ನ ಸೊಕ್ಕು ಬಿಡಲಿಲ್ಲ. ಅದಕ್ಕೇ ಚಾಪೆ ಜೋರಾಗಿ ಹೋಗುತ್ತದೆ, ಹತ್ತು ನಿಮಿಷ ಉಳಿಯುತ್ತದೆ, ರಕ್ತ ಕೆಡುವುದಿಲ್ಲ ಎಂದೆಲ್ಲ ಲೆಕ್ಕ ಒಪ್ಪಿಸಿದೆ.

ಭಾವ ತಲೆಯಾಡಿಸಿದರು. ಅಕ್ಕ ಮಾತ್ರ ಒಪ್ಪಲಿಲ್ಲ.

"ಆ ವಾಲ್ವಿನ ರಗಳೆ ಯಾರಿಗೆ ಬೇಕು?" ಅಂದಳು.

ವಾಲ್ವಿನ ರಗಳೆ ಏನೆಂದು ಹೇಳಿಬಿಡುತ್ತೇನೆ. ಕೊಡೆಯಲ್ಲಿ ಟ್ಯಾಂಕು ಮೇಲಿರುವುದರಿಂದ ಪೆಟ್ರೋಲು ತಾನಾಗಿ ಎಂಜಿನ್ನಿಗೆ ಇಳಿಯುತ್ತದೆ. ವಾಲ್ವನ್ನು 'ಎರಡೂ' ಎಂಬ ಗುರುತಿಗೆ ತಿರುಗಿಸಿಟ್ಟರೆ ಎಡ ಬಲ ಎರಡೂ ಟ್ಯಾಂಕಿನಿಂದ ಸಮವಾಗಿ ಬರುತ್ತದೆ. ವರ್ಷಗಟ್ಟಲೆ ಅದನ್ನು ಮುಟ್ಟಬೇಕಾಗಿಲ್ಲ. ಚಾಪೆಯಲ್ಲಿ ಟ್ಯಾಂಕು ಕೆಳಗೆ, ಪಂಪು ಎಳೆದು ಕೊಡಬೇಕು. ಅಲ್ಲಿ 'ಎರಡೂ' ಎಂಬುದಿಲ್ಲ. ಎಡ, ಇಲ್ಲವೇ ಬಲ. ಅರ್ಧ ಗಂಟೆಗೊಮ್ಮೆ ಪೈಲಟ್ ಕೈಯಾರೆ ಬದಲಾಯಿಸಬೇಕು. ಮರೆತರೆ ಒಂದು ಟ್ಯಾಂಕು ಬತ್ತಿ, ಇನ್ನೊಂದು ತುಂಬಿರುವಾಗಲೇ ಎಂಜಿನ್ ನಿಂತುಹೋಗುತ್ತದೆ. ಕೊಡೆಯಿಂದ ಚಾಪೆಗೆ ಹೋದ ಎಷ್ಟೋ ಒಳ್ಳೆಯ ಪೈಲಟ್‌ಗಳು ಹೀಗೇ ಸತ್ತಿದ್ದಾರೆ. ತಲೆಗೆ ಗೊತ್ತಿರುತ್ತದೆ, ಕೈಗೆ ಗೊತ್ತಿರುವುದಿಲ್ಲ.

"ಒಂದು ವಾಲ್ವ್ ತಿರುಗಿಸೋದು ಅಷ್ಟು ಕಷ್ಟಾನಾ ನಿಂಗೆ?" ಅಂದೆ. ಕೆಣಕಲೆಂದೇ ಅಂದದ್ದು. ಅಕ್ಕನಿಗೆ ಇಂಥ ಮಾತು ಸಾಕು.

"ಕಷ್ಟ ಅಂದ್ನಾ? ನಾಳೆ ಬೆಳಗ್ಗೆ ಹಾರಿಸಿ ತೋರಿಸ್ತೀನಿ ಬಾ."

ಮಾರನೆಯ ಬೆಳಗ್ಗೆ ಹೊರಟೆವು. ಅಕ್ಕ ಎಡಗಡೆ, ನಾನು ಅವಳ ಬಲಗಡೆ, ಮೀಸೆ ಹಿಂದಿನ ಸೀಟಿನಲ್ಲಿ ಮೀಸೆ ತೀಡಿಕೊಳ್ಳುತ್ತಾ. ಜಿಪುಣ ಮಹಾಶಯ ಎರಡು ಟ್ಯಾಂಕುಗಳನ್ನೂ ಅರ್ಧರ್ಧ ಮಾತ್ರ ತುಂಬಿಸಿದ್ದ. ವಾಲ್ವು ನಮ್ಮಿಬ್ಬರ ಸೀಟಿನ ನಡುವೆ ನೆಲದ ಮೇಲಿತ್ತು, ಕೆಂಪು ಹಿಡಿಯದ್ದು, ಎಡಕ್ಕೆ ತಿರುಗಿತ್ತು. ನಾನು ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಎಣ್ಣೆಯ ಬಿಸಿ, ಒತ್ತಡ ಎಲ್ಲ ಬರೆದುಕೊಳ್ಳುತ್ತಿದ್ದೆ.

ಅರ್ಧ ಗಂಟೆಯಾಯಿತು. ಅಕ್ಕನ ಕೈ ವಾಲ್ವಿನ ಕಡೆ ಬರಲಿಲ್ಲ. ಇನ್ನೇನು ತಿರುಗಿಸುತ್ತಾಳೆ ಎಂದುಕೊಂಡೆ. ನಲವತ್ತು ನಿಮಿಷವಾಯಿತು. ಎಡ ಟ್ಯಾಂಕು ಖಾಲಿಯಾಗುತ್ತಾ ಬಂದಂತೆ ಬಲ ರೆಕ್ಕೆ ಭಾರವಾಗಿ ವಿಮಾನ ಬಲಕ್ಕೆ ವಾಲತೊಡಗಿತು. ಅಕ್ಕ ಅದನ್ನು ಸುಮ್ಮನೆ ಎಡಕ್ಕೆ ಎಳೆದು ಹಿಡಿದುಕೊಂಡಳು. ಯಾಕೆ ವಾಲುತ್ತಿದೆ ಎಂದು ಅವಳಿಗೆ ಅನ್ನಿಸಲೇ ಇಲ್ಲ. ಯಾವುದೋ ಹಳೆಯ ಹಾಡು ಗುನುಗುತ್ತಿದ್ದಳು, ಖುಷಿಯಾಗಿದ್ದಳು. ಚಾಪೆ ಅವಳಿಗೆ ಹಿಡಿಸಿಬಿಟ್ಟಿತ್ತು.

ಐವತ್ತೈದು ನಿಮಿಷ. ಅರವತ್ತು. ಎಡ ಟ್ಯಾಂಕಿನ ಮುಳ್ಳು ಕೆಳಗಿನ ಗೆರೆಯ ಹತ್ತಿರ ನಡುಗುತ್ತಿತ್ತು. ಕೆಳಗೆ ಬರೀ ಗುಡ್ಡ. ಹೇಳಿಬಿಡಬಹುದಿತ್ತು, ಒಂದೇ ಮಾತು. ಆದರೆ ಹಿಂದೆ ಮೀಸೆ ಕೂತಿದ್ದಾನೆ. ಅವನೆದುರು ಅಕ್ಕನ ಮುಖಭಂಗ ಮಾಡಲೇ? ಇಪ್ಪತ್ತೆರಡು ವರ್ಷ ಹಾರಿಸಿದ ಪೈಲಟ್‌ಗೆ ವಾಲ್ವು ತಿರುಗಿಸಲು ತಂಗಿ ಹೇಳಿಕೊಡಬೇಕಾಯಿತು ಎಂದು ಅವನು ಹತ್ತು ಊರಿಗೆ ಡಂಗುರ ಸಾರುವುದಿಲ್ಲವೇ? ನಾನು ಪೆನ್ಸಿಲ್ ಬೀಳಿಸಿದೆ. ಎತ್ತಿಕೊಳ್ಳುವವಳಂತೆ ಬಾಗಿ ವಾಲ್ವನ್ನು ಬಲಕ್ಕೆ ತಿರುಗಿಸಿದೆ. ಅಕ್ಕ ಕಿಟಕಿಯಾಚೆ ನೋಡುತ್ತಿದ್ದಳು.

ನಾನು ಹೀಗೆ ಮಾಡಿದ್ದು ಇದೇ ಮೊದಲಲ್ಲ, ಅದನ್ನೂ ಒಪ್ಪಿಕೊಳ್ಳಬೇಕು. ಅಕ್ಕ ಇಳಿದು ಹೋದ ಮೇಲೆ ನಾನು ವಿಮಾನದೊಳಗೆ ಹೋಗಿ ಎಲ್ಲ ಸರಿಮಾಡುವುದು ನಮ್ಮ ಪದ್ಧತಿ. ಬ್ಯಾಟರಿ ಸ್ವಿಚ್ಚು ಆರಿಸಿರುವುದಿಲ್ಲ, ನಾನು ಆರಿಸುತ್ತೇನೆ. ಚಕ್ರಕ್ಕೆ ಅಡ್ಡ ಮರದ ತುಂಡು ಇಟ್ಟಿರುವುದಿಲ್ಲ, ನಾನು ಇಡುತ್ತೇನೆ. ಅವಳಿಗೆ ಹೇಳುತ್ತಿರಲಿಲ್ಲ. ಅಕ್ಕ ಹಾರಿಸುವವಳು, ಹಿಂದೆ ಗುಡಿಸುವವಳು ನಾನು. ಚಿಕ್ಕಂದಿನಿಂದಲೂ ಮನೆಯಲ್ಲಿ ಹೀಗೇ ನಡೆದಿತ್ತು. ಮೊದಮೊದಲು ತಿಂಗಳಿಗೊಂದು ಇಂಥದ್ದು. ಆಮೇಲೆ ವಾರಕ್ಕೊಂದು. ಆ ವರ್ಷ ದಿನಕ್ಕೊಂದು ಆಗಿತ್ತು ಎಂಬುದು, ನೆಲ ಮುಟ್ಟುವವರೆಗೂ ನನಗೆ ಹೊಳೆದಿರಲಿಲ್ಲ.

ಇಳಿದೆವು. ಅಕ್ಕನ ಇಳಿಸುವಿಕೆ ಎಂದಿನಂತೆ ಬೆಣ್ಣೆ. ಎಂಜಿನ್ ಆರಿಸಿ, ಬಲಕ್ಕೆ ತಿರುಗಿದ್ದ ಕೆಂಪು ಹಿಡಿಯ ಮೇಲೆ ಕೈಯಿಟ್ಟು ನನ್ನ ಕಡೆ ನೋಡಿ ನಕ್ಕಳು.

"ನೋಡಿದ್ಯಾ? ಮರೀತೀನಿ ಅಂತಿದ್ದೆ. ಕಬ್ಬಿಣದ ಸೇತುವೆ ಹತ್ರ ಬಲಕ್ಕೆ ತಿರುಗಿಸ್ದೆ. ಆಮೇಲೆ ಕಾರ್ಖಾನೆ ಚಿಮಣಿ ಹತ್ರ ಎಡಕ್ಕೆ. ಬರ್ತಾ ಮತ್ತೆ ಬಲಕ್ಕೆ. ಪಂಪು ಹಾಕಿ, ಮುಳ್ಳು ನೋಡಿ, ಎಲ್ಲಾ ಕ್ರಮವಾಗಿ." ಹಿಂದೆ ತಿರುಗಿ, "ನೀವೂ ನೋಡಿದ್ರಲ್ಲ?" ಅಂದಳು.

"ನೋಡ್ದೆ ನೋಡ್ದೆ," ಅಂದ ಮೀಸೆ. ಅವನಿಗೆ ವ್ಯಾಪಾರ ಕುದುರಿದರೆ ಸಾಕಿತ್ತು.

ನಾನು ಅಕ್ಕನ ಕಿವಿಯ ಕಡೆ ನೋಡಿದೆ. ಅಕ್ಕ ಸುಳ್ಳು ಹೇಳಿದರೆ ಅವಳ ಕಿವಿ ಕೆಂಪಾಗುತ್ತದೆ, ಐದು ವರ್ಷದವಳಿದ್ದಾಗಿನಿಂದ ನನಗೆ ಗೊತ್ತು. ಕಿವಿ ಕೆಂಪಾಗಿರಲಿಲ್ಲ. ಅವಳು ಸುಳ್ಳು ಹೇಳುತ್ತಿರಲಿಲ್ಲ. ಸೇತುವೆಯೂ ಚಿಮಣಿಯೂ ಅವಳಿಗೆ ನಿಜವಾಗಿ ನೆನಪಿದ್ದವು. ಮಾಡದ ಕೆಲಸ ಮಾಡಿದ ಹಾಗೆ, ಜಾಗದ ಸಮೇತ, ಅವಳ ತಲೆಯಲ್ಲಿ ಕೂತಿತ್ತು.

ಅಕ್ಕನಿಗೆ ಐವತ್ತಾರು. ಅಷ್ಟು ಬೇಗ ಹೀಗಾಗುತ್ತದೆಯೇ? ಆರು ತಿಂಗಳಿಗೊಮ್ಮೆ ಪೈಲಟ್‌ಗಳನ್ನು ಪರೀಕ್ಷಿಸುವ ಡಾಕ್ಟರು ಕಣ್ಣು, ಕಿವಿ, ರಕ್ತದೊತ್ತಡ ನೋಡಿ ಬೆನ್ನು ತಟ್ಟಿ ಕಳಿಸಿದ್ದರು. ನೆನಪು ಹೇಗಿದೆ ಎಂದು ಯಾರು ಕೇಳುತ್ತಾರೆ? ಕೇಳಿದರೂ ಚೆನ್ನಾಗಿದೆ ಎಂದೇ ಅಕ್ಕ ಹೇಳುತ್ತಿದ್ದಳು. ಅವಳಿಗೆ ಚೆನ್ನಾಗಿಯೇ ಇತ್ತಲ್ಲ.

ಅವತ್ತು ಮಧ್ಯಾಹ್ನ ಊಟದ ಮೇಜಿನಲ್ಲಿ ಅಕ್ಕ, "ಚಾಪೆನೇ ತಗೊಳ್ಳೋಣ," ಅಂದಳು.

"ಬೇಡ. ಕೊಡೆನೇ ಸರಿ," ಅಂದೆ.

ಭಾವ ಅನ್ನ ಕಲಸುವುದನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದರು. "ನಿನ್ನೆ ಇವಳು ಚಾಪೆ ಅಂದ್ಲು, ನೀನು ಕೊಡೆ ಅಂದೆ. ಇವತ್ತು ಅದಲು ಬದಲು. ರಾತ್ರಿ ನಂಗೆ ಹೇಳ್ದೆ ಏನಾದ್ರೂ ಒಪ್ಪಂದ ಮಾಡ್ಕೊಂಡ್ರಾ?"

"ಅವಳಿಗೆ ಭುಜ ನೋವು ಕಣ್ರೀ," ಅಂದಳು ಅಕ್ಕ. "ಹೇಳ್ಕೊಳಲ್ಲ, ಅಷ್ಟೆ. ಏಣಿ ಹತ್ತುವಾಗ ಹಲ್ಲು ಕಚ್ಕೊಂಡು ಹತ್ತುತ್ತಾಳೆ, ನಾನು ಕಿಟಕಿಯಿಂದ ನೋಡಿದೀನಿ. ವಾಲ್ವ್ ತಿರುಗಿಸೋದೇನು ಮಹಾ? ಇವಳು ಇನ್ನೊಂದ್ಸಲ ಬಿದ್ರೆ ನಾವೇನು ಮಾಡೋದು?"

ನನ್ನ ತಟ್ಟೆ ಮಸುಕಾಯಿತು. ಮುಟ್ಟದ ವಾಲ್ವನ್ನು ಸೇತುವೆಯ ಹತ್ತಿರ ತಿರುಗಿಸಿದೆ ಎಂದ ಅಕ್ಕನಿಗೆ ನನ್ನ ಭುಜ ಮಾತ್ರ ಮರೆತಿರಲಿಲ್ಲ. ಆಗ ಎದ್ದು ಅವಳ ಕೈ ಹಿಡಿದು ಹೇಳಬೇಕಿತ್ತು. ಅಕ್ಕ, ಸಾಕು, ಇನ್ನು ಹಾರಬೇಡ. ಬಾಯಿಯವರೆಗೆ ಬಂದದ್ದನ್ನು ನುಂಗಿದೆ. ಹಾರಬೇಡ ಎಂದರೆ ಅವಳ ಉಸಿರು ನಿಲ್ಲಿಸಿದ ಹಾಗೆ ಎಂದುಕೊಂಡೆ. ಈಗ ಅನ್ನಿಸುತ್ತದೆ, ಅದೂ ಒಂದು ನೆಪ. ಹೇಳುವ ಧೈರ್ಯ ನನಗಿರಲಿಲ್ಲ, ಅಷ್ಟೇ.

ಅದರ ಬದಲು ಸುಳ್ಳು ಹೇಳಿದೆ. ನನ್ನ ಕಸುಬಿನಲ್ಲಿ ಅಂದಿನವರೆಗೆ ಒಂದೂ ಸುಳ್ಳು ಬರೆದವಳಲ್ಲ.

"ಚಾಪೆಯ ಚಕ್ರದ ಕಾಲಲ್ಲಿ ಬಿರುಕಿದೆ," ಅಂದೆ. "ಕೂದಲೆಳೆಯಷ್ಟು. ಬೆಳಗ್ಗೆ ನೋಡ್ದೆ. ಅದನ್ನ ನಾನು ಪಾಸ್ ಮಾಡಲ್ಲ."

ಮೀಸೆ ಕುಣಿದಾಡಿದ. ಭೂತಗನ್ನಡಿ ತಂದು ಚಕ್ರದ ಕೆಳಗೆ ಅಂಗಾತ ಮಲಗಿ ಅರ್ಧ ದಿನ ಹುಡುಕಿದ. "ಎಲ್ಲಿದೆ ಬಿರುಕು? ತೋರಿಸ್ರೀ ನಂಗೆ!" ಎಂದು ಕೂಗಾಡಿದ. ನಿಮ್ಮ ಕಣ್ಣಿಗೆ ಕಾಣದಿದ್ದರೆ ನಾನೇನು ಮಾಡಲಿ ಎಂದೆ. ಆ ರನ್‌ವೇಯಲ್ಲಿ ವಿಮಾನದ ಆರೋಗ್ಯದ ವಿಷಯದಲ್ಲಿ ನನ್ನ ಮಾತೇ ಕೊನೆಯ ಮಾತು. ಅಕ್ಕ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಅವಳು ಇಲ್ಲ ಅಂದ್ರೆ ಇಲ್ಲ," ಅಂದಳು. ಚಾಪೆ ವಾಪಸು ಹೋಯಿತು. ಯಾರೋ ಗಂಡ ಹೆಂಡತಿ ಅದನ್ನು ಕೊಂಡು ಇವತ್ತಿಗೂ ಸುಖವಾಗಿ ಹಾರಿಸುತ್ತಿದ್ದಾರೆ.

ಕೊಡೆ ಉಳಿಯಿತು. ವಾಲ್ವನ್ನು 'ಎರಡೂ' ಗುರುತಿಗೆ ತಿರುಗಿಸಿಟ್ಟೆ. ಇನ್ನು ಅಕ್ಕನ ಕೈ ಮರೆಯುವಂಥದ್ದು ಏನೂ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕೊಡೆ ಎಲ್ಲವನ್ನೂ ಮನ್ನಿಸುತ್ತದೆ. ಬಿಟ್ಟರೆ ತಾನಾಗಿ ನೇರವಾಗುತ್ತದೆ, ಪೆಟ್ರೋಲು ತಾನಾಗಿ ಇಳಿಯುತ್ತದೆ. ಇಂಥ ವಿಮಾನದಲ್ಲಿ ಅಕ್ಕ ಇನ್ನೂ ಒಂದೆರಡು ವರ್ಷ ಹಾಯಾಗಿ ಹಾರಿಕೊಂಡಿರಲಿ, ಅಷ್ಟರಲ್ಲಿ ಏನಾದರೂ ದಾರಿ ಕಾಣುತ್ತದೆ ಎಂಬುದು ನನ್ನ ಲೆಕ್ಕ. ಏಣಿ ಹತ್ತಿದಾಗಲೆಲ್ಲ ಭುಜ ಚುರ್ರೆನ್ನುತ್ತಿತ್ತು. ಆ ನೋವು ನನಗೆ ಒಂದು ಥರ ಸಮಾಧಾನ ಕೊಡುತ್ತಿತ್ತು. ಪುಣ್ಯದ ಕೆಲಸ ಮಾಡುತ್ತಿದ್ದೇನೆ ಎಂಬ ಭ್ರಮೆ.

ಆಮೇಲಿನ ತಿಂಗಳುಗಳಲ್ಲಿ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಅಕ್ಕ ಹೊರಡುವ ಮುಂಚೆ ಎಲ್ಲವನ್ನೂ ನಾನೇ ನೋಡಿಡುತ್ತಿದ್ದೆ. ಟ್ಯಾಂಕು ತುಂಬ ಭರ್ತಿ. ಮುಚ್ಚಳ ಬಿಗಿ. ಸ್ವಿಚ್ಚುಗಳ ಪಕ್ಕ ಬಣ್ಣದ ಪಟ್ಟಿ ಅಂಟಿಸಿದೆ, ನಂಬರು ಹಾಕಿದೆ. "ಏನೇ ಇದು, ಮಕ್ಕಳ ಶಾಲೆ ಮಾಡಿದೀಯ?" ಎಂದು ಅಕ್ಕ ನಕ್ಕಳು. "ಹೊಸ ನಿಯಮ," ಎಂದೆ. ಸುಳ್ಳಿಗೆ ಒಂದು ಸಲ ನಾಲಿಗೆ ಪಳಗಿದರೆ ಆಮೇಲೆ ಸಲೀಸು.

ಅವಳು ಬೀಗದ ಕೈಯನ್ನು ಐಸಿನ ಡಬ್ಬಿಯಲ್ಲಿಟ್ಟಳು. ಹುಡುಕಿ ಕೊಟ್ಟೆ. ಒಂದೇ ಬೆಳಗ್ಗೆ ಮೂರು ಸಲ ಗಾಳಿ ಯಾವ ಕಡೆಯಿಂದ ಎಂದು ಕೇಳಿದಳು. ಮೂರು ಸಲವೂ ಹೊಸದಾಗಿ ಕೇಳಿದ ಹಾಗೆ ಹೇಳಿದೆ. ಭಾವನಿಗೆ ಏನೂ ತಿಳಿಯದಂತೆ ನೋಡಿಕೊಂಡೆ. ಅವರು ಒಂದು ಸಲ, "ಈಚೆಗೆ ಇವಳು ಸ್ವಲ್ಪ ಮಂಕಾಗಿದಾಳೆ ಅಲ್ವಾ?" ಅಂದರು. "ನಿಮ್ಮ ಜೊತೆ ಮೂವತ್ತು ವರ್ಷ ಇದ್ರೆ ಯಾರಾದ್ರೂ ಆಗ್ತಾರೆ," ಎಂದೆ. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿಗೆ ಆ ಮಾತು ಮುಗಿಯಿತು.

ಆರನೆಯ ತಿಂಗಳಲ್ಲಿ ಒಂದು ದಿನ ಅಕ್ಕ ಹೊತ್ತಿಗೆ ಸರಿಯಾಗಿ ವಾಪಸು ಬಂದಳು. ಇಳಿದು ಮನೆಗೆ ಹೋದಳು. ನಾನು ಎಂದಿನಂತೆ ಒಳಗೆ ಹತ್ತಿದೆ. ಹಿಂದಿನ ಸೀಟಿನಲ್ಲಿ ಐಸಿನ ಡಬ್ಬಿಗಳು ಹಾಗೇ ಇದ್ದವು, ಹನ್ನೊಂದು ಡಬ್ಬಿ. ಮನೆಗೆ ಓಡಿದೆ.

"ಲ್ಯಾಬು ಮುಚ್ಚಿತ್ತು," ಅಂದಳು ಅಕ್ಕ, ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ. "ಗೇಟಿನ ಮನುಷ್ಯ ಹೇಳ್ದ, ನಾಳೆ ಬನ್ನಿ ಅಂತ."

ಕಿವಿ ಕೆಂಪಾಗಿರಲಿಲ್ಲ. ಶೆಡ್ಡಿನ ಹಿಂದೆ ನಿಂತು ಲ್ಯಾಬಿಗೆ ಫೋನು ಮಾಡಿದೆ. ಲ್ಯಾಬು ತೆರೆದೇ ಇತ್ತು. ಗೇಟಿನಲ್ಲಿ ಅಂಥ ಮನುಷ್ಯನೇ ಇಲ್ಲ. ಆ ದಿನ ನಮ್ಮ ವಿಮಾನ ಅಲ್ಲಿ ಇಳಿದಿರಲಿಲ್ಲ. ಎರಡು ಗಂಟೆ ಅಕ್ಕ ಎಲ್ಲಿ ಸುತ್ತಿದಳು, ಯಾವ ಗುಡ್ಡಗಳ ಮೇಲೆ, ಯಾರಿಗೆ ಗೊತ್ತು? ಡಬ್ಬಿಗಳಲ್ಲಿ ಐಸು ಕರಗಿ ನೀರಾಗಿತ್ತು. ಆ ಸೀಸೆಗಳ ಮೇಲೆ ಹೆಸರುಗಳಿದ್ದವು. ಯಾರದೋ ತಾಯಿ, ಯಾರದೋ ಮಗು. ರಿಪೋರ್ಟು ಬಂದ ಮೇಲೆ ಔಷಧಿ ಶುರು ಮಾಡೋಣ ಎಂದು ಕಾಯುತ್ತಿರುವವರು. ಐಸಿನಲ್ಲಿ ದೋಷವಿತ್ತು, ಮತ್ತೆ ರಕ್ತ ತೆಗೆಯಿರಿ ಎಂದು ಆಸ್ಪತ್ರೆಗಳಿಗೆ ಫೋನು ಮಾಡಿದೆ. ಅವರು ಬೈದರು, ಬೈಸಿಕೊಂಡೆ. ರಾತ್ರಿಯಿಡೀ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದು ಮತ್ತೆ ಟ್ಯಾಂಕು ತುಂಬಿಸಿದೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಎಂಟನೆಯ ತಿಂಗಳು. ಮೋಡವಿಲ್ಲ, ಗಾಳಿಯಿಲ್ಲ, ಕಣ್ಣು ಹಾಯಿಸಿದಷ್ಟು ದೂರ ಎಲ್ಲ ಸ್ಪಷ್ಟ. ಅಂಥ ಮಧ್ಯಾಹ್ನ ಅಕ್ಕ ಲ್ಯಾಬಿಗೆ ಹೋಗಿದ್ದಳು. ಮುಟ್ಟಿದಳು, ಡಬ್ಬಿ ಕೊಟ್ಟಳು, ಅಲ್ಲಿಂದ ಹೊರಟಳು ಎಂದು ಲ್ಯಾಬಿನವರು ಫೋನಿನಲ್ಲಿ ಹೇಳಿದ್ದರು. ನಾನೇ ಗುಟ್ಟಾಗಿ ಮಾಡಿಕೊಂಡ ಏರ್ಪಾಡು ಅದು. ಅಲ್ಲಿ ಮತ್ತೆ ಟ್ಯಾಂಕು ತುಂಬಿಸುವಂತೆಯೂ ಹೇಳಿದ್ದೆ. ಮೂರೂವರೆಗೆ ಬರಬೇಕಿತ್ತು. ಮೂರೂಮುಕ್ಕಾಲಾಯಿತು. ನಾನು ಕೈ ಒರೆಸಿಕೊಳ್ಳುವ ನೆಪದಲ್ಲಿ ಆಫೀಸಿನೊಳಗೆ ಬಂದು ನಿಂತೆ. ಭಾವ ರಿಜಿಸ್ಟರಿಗೆ ಗೆರೆ ಹಾಕುತ್ತಿದ್ದರು.

ರೇಡಿಯೋ ಗೊರಗುಟ್ಟಿತು.

"ಅಲ್ಲಿ ಯಾರಿದೀರಿ?"

ಅಕ್ಕನ ದನಿ. ರೇಡಿಯೋದಲ್ಲಿ ಮೊದಲು ವಿಮಾನದ ನಂಬರು ಹೇಳಬೇಕು, ಆಮೇಲೆ ಎತ್ತರ, ಆಮೇಲೆ ಜಾಗ. ಇಪ್ಪತ್ತೆರಡು ವರ್ಷ ಒಂದು ದಿನವೂ ತಪ್ಪಿದವಳಲ್ಲ.

ಭಾವ ನಗುತ್ತಾ ಮೈಕು ತೆಗೆದುಕೊಂಡರು. "ಏನಿವತ್ತು ಹೊಸ ಧಾಟಿ? ನಾನೇ ಇದೀನಿ, ಹೇಳು. ಎಷ್ಟು ದೂರದಲ್ಲಿದೀಯ?"

ಆಗ ಎಂಜಿನ್ನಿನ ಸದ್ದು ಕೇಳಿಸಿತು. ಅದು ರೇಡಿಯೋದಿಂದ ಬರುತ್ತಿರಲಿಲ್ಲ, ಕಿಟಕಿಯಿಂದ ಬರುತ್ತಿತ್ತು. ನಾನು ಬಾಗಿ ನೋಡಿದೆ. ನಮ್ಮ ಕೊಡೆ ನೆತ್ತಿಯ ಮೇಲೆ ನಿಧಾನವಾಗಿ ವೃತ್ತ ಹೊಡೆಯುತ್ತಿತ್ತು.

"ಕೆಳಗೆ ಎಲ್ಲಾ ಚೆನ್ನಾಗಿ ಕಾಣ್ತಿದೆ," ಅಂದಳು ಅಕ್ಕ. ದನಿ ಶಾಂತವಾಗಿತ್ತು, ಪರಿಚಯವಿಲ್ಲದವರನ್ನು ದಾರಿ ಕೇಳುವ ಹಾಗೆ ಮರ್ಯಾದೆಯಿಂದ ಕೂಡಿತ್ತು. "ಒಂದು ರನ್‌ವೇ ಇದೆ. ಪಕ್ಕದಲ್ಲಿ ತಗಡಿನ ಶೆಡ್ಡು, ಹಸಿರು ಬಾಗಿಲು. ಹಗ್ಗದ ಮೇಲೆ ಬಟ್ಟೆ ಒಣಗ್ತಿದೆ. ಇದು ಯಾವ ಊರು ಅಂತ ಸ್ವಲ್ಪ ಹೇಳ್ತೀರಾ?"

ಭಾವನ ಕೈಯಿಂದ ಮೈಕು ಕಿತ್ತುಕೊಂಡೆ.

"ಅಕ್ಕ, ನಾನು."

"ಹಾಂ, ಹೇಳೇ!" ದನಿ ಒಮ್ಮೆಗೇ ಅರಳಿತು. "ನೀನಿಲ್ಲೇನು ಮಾಡ್ತಿದೀಯ?"

ನನ್ನ ಬಾಯಿ ತನ್ನಷ್ಟಕ್ಕೆ ಕೆಲಸ ಶುರು ಮಾಡಿತು. "ಇದು ಪಕ್ಕದ ಊರು ಅಕ್ಕ. ನಾನು ಒಂದು ರಿಪೇರಿಗೆ ಬಂದಿದ್ದೆ. ನೀನೂ ಇಳಿದುಬಿಡು. ಗಾಳಿ ಇಲ್ಲ, ರನ್‌ವೇ ಖಾಲಿ ಇದೆ. ಇಳಿದು ಊಟ ಮಾಡಿ ಒಟ್ಟಿಗೆ ಹೋಗೋಣ."

ಎಂಜಿನ್ನಿನ ಸದ್ದು ಮನೆಯ ಮೇಲೆ ಹೋಯಿತು, ರಸ್ತೆಯ ಕಡೆ ಹೋಯಿತು, ಮತ್ತೆ ಹತ್ತಿರ ಬಂತು. ಒಂದು ಪೂರ್ತಿ ಸುತ್ತು.

"ನೀನು ಸುಳ್ಳು ಹೇಳ್ತಿದೀಯ," ಅಂದಳು ಅಕ್ಕ. "ನಿನ್ನ ದನಿ ನಂಗೆ ಗೊತ್ತಿಲ್ವಾ? ಹೇಳು, ಏನಾಗಿದೆ ನಂಗೆ?"

ಭಾವ ಕುರ್ಚಿಯಿಂದ ಎದ್ದಿದ್ದರು. ಅವರ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿದೆ.

"ಅಕ್ಕ, ನೀನು ಮರೀತಿದೀಯ. ಇದು ನಮ್ಮ ಶೆಡ್ಡು. ಆ ಬಟ್ಟೆ ನಿಂದೇ. ಹೆದರ್ಬೇಡ, ನಾನು ಹೇಳ್ತಾ ಹೋಗ್ತೀನಿ, ಹಾಗೇ ಮಾಡು, ನಿನ್ನ ಕೈಗೆ ಎಲ್ಲಾ ಗೊತ್ತಿದೆ. ಮೊದಲು..."

"ತಡಿ," ಅಂದಳು. "ಎಷ್ಟು ದಿನದಿಂದ ಗೊತ್ತು ನಿಂಗೆ?"

ಎಷ್ಟು ಅಂತ ಹೇಳಲಿ? ಇವತ್ತೇ ಅನ್ನಬಹುದಿತ್ತು, ಮೊನ್ನೆಯಿಂದ ಅನ್ನಬಹುದಿತ್ತು. ಅವಳಿಗೆ ನನ್ನ ದನಿ ಗೊತ್ತು.

"ಎಂಟು ತಿಂಗಳಿಂದ."

ನನ್ನ ಹಿಂದೆ ಭಾವ ಏನೋ ಅಂದರು, ನನಗೆ ಕೇಳಿಸಲಿಲ್ಲ. ರೇಡಿಯೋದಲ್ಲಿ ಅಕ್ಕನ ಉಸಿರು ಒಂದು ಸಲ ಕೇಳಿಸಿತು, ಆಮೇಲೆ ಅವಳು ಮೈಕಿನ ಗುಂಡಿ ಬಿಟ್ಟಳು. ಅಕ್ಕ, ಮಾತಾಡು ಅಂದೆ. ಮತ್ತೆ ಮತ್ತೆ ಅಂದೆ. ಅಷ್ಟರಲ್ಲಿ ಮೇಲೆ ಎಂಜಿನ್ನಿನ ಸದ್ದು ತಗ್ಗಿತು. ಇಳಿಯುವಾಗ ಪೈಲಟ್‌ಗಳು ಹಾಗೇ ತಗ್ಗಿಸುತ್ತಾರೆ. ಇಳಿಯುವುದಕ್ಕೇ ತಗ್ಗಿಸಿದ್ದಾಳೆ, ಇಳಿಯುವುದಕ್ಕೇ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಮೈಕನ್ನು ಅಲ್ಲೇ ಬಿಟ್ಟು ಹೊರಗೆ ಓಡಿದೆ.